ದೆವ್ವದ ಕ್ಯಾಸೆಟ್ಟು ನೋಡಿ ಹೋದ ಬೀಗರು

ಆ ಧಾರಾವಾಹಿಯಷ್ಟು ಕೆಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೆ ನೋಡಿದ್ದೂ ಕಡಿಮೆ. ಹಾಗಿದ್ದೂ ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಶನಿವಾರ ಮುಂಜಾನೆಯ ಕಾಲೇಜು ಮುಗಿದದ್ದೇ ತಡ, ಗೋಕಾಕದ ಬಸ್ ಸ್ಟ್ಯಾಂಡಿಗೆ ಓಡಿ ಮೂಡಲಗಿಯ ಬಸ್ಸು ಹಿಡಿಯುತ್ತಿದ್ದೆ. ಮೂಡಲಗಿಯಲ್ಲಿ ನನ್ನ ಮಾವಶಿ, ಅಂದರೆ ಅವ್ವನ ತಂಗಿ, ಇದ್ದಳು. ಆಕೆಯ ಮನೆಯಲ್ಲಿ ವಿಸಿಆರ್ ಇತ್ತು.

ಮಾವಶಿಯ ಗಂಡ, ನನ್ನ ಕಾಕಾ, ಬೀಜ-ಔಷಧದ ಅಂಗಡಿ ಇಟ್ಟಿದ್ದ. ತನ್ನ ತಮ್ಮನ ಮದುವೆಯ ಕ್ಯಾಸೆಟ್ಟು ನೋಡಲೆಂದು ವಿಸಿಆರ್ ತಂದಿದ್ದ. ಆ ಮದುವೆ ಎಷ್ಟು ಬೇಸರದ್ದೆಂದರೆ ಮದುಮಕ್ಕಳೇ ಎರಡನೆಯ ಸಲ ಕೂತು ನೋಡಲಿಲ್ಲ. ಹಾಗಾಗಿ ಕಾಕಾ ಆ ಕ್ಯಾಸೆಟ್ಟುಗಳ ಮೇಲೆಯೇ ಪ್ರತಿ ಶುಕ್ರವಾರದ ದೆವ್ವದ ಧಾರಾವಾಹಿಯನ್ನು ರೆಕಾರ್ಡ್ ಮಾಡತೊಡಗಿದ. ಕರೆಂಟು ಹೋಗಿ ಬಂದಲ್ಲೆಲ್ಲ ಹಳೆಯ ಮದುವೆ ಇಣುಕುತ್ತಿತ್ತು. ಹೆಂಗಸೊಬ್ಬಳು ಚೀರಲು ಬಾಯಿ ತೆರೆದರೆ, ಮರುಕ್ಷಣ ಯಾರೋ ಸೋದರಮಾವ ಅಕ್ಷತೆ ಒಗೆಯುತ್ತಿದ್ದ.

ಧಾರಾವಾಹಿ ಹಿಂದಿಯಲ್ಲಿತ್ತು. ಒಂದು ಹಾಳು ಹವೇಲಿ, ಅದರಲ್ಲಿ ಸತ್ತ ಸೊಸೆ, ಬಿಳಿ ಸೀರೆ, ಬಿಚ್ಚಿದ ಕೂದಲು. ಆಕೆಯ ಪಾದ ಹಿಂದುಮುಂದಾಗಿವೆ ಎಂದು ಹವೇಲಿಯ ಮುದುಕ ಪ್ರತಿ ಕಂತಿನಲ್ಲಿ ನಡುಗುತ್ತ ಹೇಳುತ್ತಿದ್ದ. ಕ್ಯಾಮೆರಾ ತುಸು ಕೆಳಗಿಳಿದರೆ ಸಾಕು, ಎಲ್ಲರಂತೆ ಮುಂದಕ್ಕೇ ಇದ್ದ ಪಾದ ಕಾಣುತ್ತಿದ್ದವು, ಅವಕ್ಕೆ ಹವಾಯಿ ಚಪ್ಪಲಿ. ಮಂತ್ರವಾದಿಯ ಗಡ್ಡ ಒಂದು ವಾರ ಎದೆಯವರೆಗೆ, ಮುಂದಿನ ವಾರ ಹೊಟ್ಟೆಯವರೆಗೆ, ಅದರ ಮುಂದಿನ ವಾರ ಮತ್ತೆ ಎದೆಗೆ. ದೆವ್ವ ಬರುವ ಮೊದಲು ಹೊಗೆ ಬರುತ್ತಿತ್ತು. ಒಮ್ಮೆ ಹೊಗೆ ಬಿಡುವವನ ಮೊಣಕೈಯೂ ಬಂತು. ಮಾವಶಿಯ ಮಗಳು, ನನ್ನ ಅಕ್ಕ, ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಆ ಮೊಣಕೈಯನ್ನು ತೋರಿಸುತ್ತಿದ್ದಳು.

ಅಕ್ಕ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಳು. ಮನೆಯಲ್ಲಿ ಕೂತಿದ್ದಾಳೆ ಎಂದರೆ ವರ ನೋಡುತ್ತಿದ್ದಾರೆ ಎಂದೇ ಅರ್ಥ. ನಾನೂ ಅವಳೂ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಚಾಪೆಯ ಮೇಲೆ ಬಿದ್ದುಕೊಂಡು, ಉಳ್ಳಾಗಡ್ಡಿ ಹಾಕದ ಅವಲಕ್ಕಿ ಚೂಡಾ ತಿನ್ನುತ್ತ, ನೋಡಿದ ಕಂತುಗಳನ್ನೇ ಮತ್ತೆ ನೋಡುತ್ತಿದ್ದೆವು. ಪ್ರತಿ ಮಾತೂ ಬಾಯಿಪಾಠ. ನಟಿಗಿಂತ ಮೊದಲೇ ನಾವು ಚೀರುತ್ತಿದ್ದೆವು. ನಮಗೆ ಆ ಧಾರಾವಾಹಿಯ ಮೇಲೆ ಜೀವವಿತ್ತು, ಗೌರವ ಮಾತ್ರ ಎಳ್ಳಷ್ಟೂ ಇರಲಿಲ್ಲ. ಅಷ್ಟು ಸಲೀಸಾಗಿ ಹೀಯಾಳಿಸಬಹುದಾದ ವಸ್ತು ಆ ಊರಿನಲ್ಲಿ ನಮಗೆ ಬೇರೆ ಸಿಕ್ಕಿರಲಿಲ್ಲ. ಮನುಷ್ಯರನ್ನು ಹೀಯಾಳಿಸಿದರೆ ಬೈಗುಳ ತಿನ್ನಬೇಕಾಗುತ್ತಿತ್ತು.

ಮಾವಶಿಯನ್ನಂತೂ ಒಳಗೊಳಗೇ ಹೀಯಾಳಿಸುತ್ತಿದ್ದೆವು. ಕ್ಯಾಸೆಟ್ಟು ಹಾಕಿದ ಕೂಡಲೇ ಆಕೆ ಹಾಡಹಗಲಲ್ಲಿ ಕಿಟಕಿ ಮುಚ್ಚುವಳು, ದೇವರ ಮನೆಗೆ ಹೋಗಿ ಕೈ ಮುಗಿದು ಬಂದು ಹೊಸ್ತಿಲ ಬಳಿ ಕೂರುವಳು. ಹವೇಲಿಯ ಹುಡುಗಿ ಬಾಗಿಲಿನ ಕಡೆ ನಡೆದರೆ ಸೆರಗು ಕಚ್ಚಿಕೊಂಡು, "ಈ ಸಲರೆ ಬಾಗ್ಲಾ ತಗೀಬಾರದವಾ ಆಕಿ" ಎನ್ನುವಳು.

"ಮಾವಶಿ, ಹ್ವಾದ ವಾರನೂ ತಗದಿದ್ಲು, ಇವತ್ತೂ ತಗೀತಾಳ."

"ಏನ್ ಹೇಳಾಕ ಬರತೈತಿ? ಒಮ್ಮೊಮ್ಮೆ ಬುದ್ಧಿ ಬಂದಿರತೈತಿ."

ಕಾಕಾನದು ಇನ್ನೊಂದು ಬಗೆ. ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, "ಎಲ್ಲಾ ಸುಳ್ಳ. ದೆವ್ವಿಲ್ಲ ಭೂತಿಲ್ಲ" ಎಂದು ಹತ್ತು ಸಲ ಹೇಳುತ್ತಿದ್ದ. ಆದರೆ ಗಿರಾಕಿ ಬಂದು ಕರೆದರೂ ಮಂತ್ರವಾದಿ ನಿಂಬೆಹಣ್ಣು ಕೊಯ್ಯುವವರೆಗೆ ಏಳುತ್ತಿರಲಿಲ್ಲ.

ಅಂಥದೊಂದು ಭಾನುವಾರ ಹುಕ್ಕೇರಿಯಿಂದ ಅಕ್ಕನನ್ನು ನೋಡಲು ಜೀಪಿನಲ್ಲಿ ಬಂದರು. ಹುಡುಗ, ಅವನ ತಂದೆ, ತಾಯಿ. ಮನೆತನದ್ದು ಬಟ್ಟೆಯ ಅಂಗಡಿ. ಹುಡುಗ ಎಂ.ಎಸ್ಸಿ. ಓದಿ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದ. ಮೊದಲೇ ಹೇಳಿಬಿಡುತ್ತೇನೆ, ಅವನು ನನಗೆ ನೋಡಿದ ಕೂಡಲೇ ಸೇರಲಿಲ್ಲ. ಜೇಬಿನಲ್ಲಿ ಮೂರು ಪೆನ್ನು, ಮುಖದ ಮೇಲೆ ನಮಗೆಲ್ಲ ಪಾಠ ಮಾಡಲು ಬಂದವನ ಕಳೆ. ಉಪ್ಪಿಟ್ಟು ಶಿರಾ ಮುಗಿಸಿ, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡು ಅಕ್ಕನನ್ನು ಕೇಳಿದ, "ನಿಮ್ಮ ಹವ್ಯಾಸ ಏನ್ರಿ?"

ಅಕ್ಕ ತಲೆ ಎತ್ತದೆ ಹೇಳಿದಳು, "ದೆವ್ವದ ಧಾರಾವಾಹಿ ನೋಡೂದ್ರಿ."

ಕಾಕಾ ಕೆಮ್ಮಿದ. ಮಾವಶಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಕೆಕ್ಕರಿಸಿದಳು. ಆದರೆ ಹುಡುಗನ ತಾಯಿಯ ಮುಖ ಅರಳಿತು.

"ಆ ಹವೇಲಿದೇನವಾ? ಶುಕ್ರವಾರ ನಮ್ಮಲ್ಲಿ ಕರೆಂಟ್ ನಿಂದರಂಗಿಲ್ಲ. ಅರ್ಧಾ ಮರ್ಧಾ ನೋಡೇವಿ."

"ನಮ್ಮಲ್ಲಿ ಎಲ್ಲಾ ಕ್ಯಾಸೆಟ್ ಅದಾವ್ರಿ" ಎಂದ ಕಾಕಾ. ಮಗಳನ್ನು ತೋರಿಸುವಾಗ ಕಾಣದಿದ್ದ ಹೆಮ್ಮೆ ವಿಸಿಆರ್ ತೋರಿಸುವಾಗ ಅವನ ಮುಖದಲ್ಲಿ ಕಂಡಿತು. ಹೀಗೆ ಕನ್ಯೆ ನೋಡಲು ಬಂದವರೆಲ್ಲ ಸಾಲಾಗಿ ಕೂತು ದೆವ್ವ ನೋಡತೊಡಗಿದರು.

ಹುಡುಗ ಸುಮ್ಮನೆ ಕೂರಲಿಲ್ಲ. "ಇದು ಎರಡು ಸಲ ಶೂಟಿಂಗ್ ಮಾಡಿ ಕೂಡಸೂದ್ರಿ", "ಇದು ನೀಲಿ ಲೈಟಿನ ಪರಿಣಾಮ" ಎಂದು ಅಕ್ಕನಿಗೆ ವಿವರಿಸುತ್ತ ಹೋದ. ಮೊಣಕೈ ಬಂದಾಗ ಅವನಿಗೆ ಅದು ಕಾಣಲೇ ಇಲ್ಲ. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಗ ಸತ್ತ ಸೊಸೆ ಮೆಟ್ಟಿಲ ಮೇಲೆ ನಿಂತು ನಗುವ ದೃಶ್ಯ ಬಂತು. ಹುಡುಗನ ತಾಯಿ ಮುಂದಕ್ಕೆ ಬಾಗಿ, "ಹಿಂಗ. ಥೇಟ್ ಹಿಂಗ. ನಮ್ಮ ಹಿರೀ ಸೊಸಿ ಹಿಂಗ ನಗತಿದ್ಲು" ಎಂದಳು.

"ಏ, ಸುಮ್ನ ಕುಂದ್ರು" ಎಂದ ಆಕೆಯ ಗಂಡ.

"ಯಾಕ ಸುಮ್ನಿರ್ಲಿ? ನಾಳೆ ಬೀಗರಾಗೋರು, ಗೊತ್ತಾಗಬೇಕಲ್ಲ. ಹಿರೀ ಮಗನ ಹೆಂಡ್ತಿಗೆ ಗಾಳಿ ಬಡದಿತ್ರಿ. ಯಾರ್‍ಯಾರಿಗೋ ತೋರಿಸಿದ್ವಿ, ಇಳೀಲಿಲ್ಲ. ಕಡೀಕ ಕೌಜಲಗಿಗೆ, ತವರಮನಿಗೆ ಬಿಟ್ಟು ಬಂದ್ವಿ."

ಅಕ್ಕ ಎದ್ದು ಹೋಗಿ ಕ್ಯಾಸೆಟ್ಟು ನಿಲ್ಲಿಸಿದಳು. ಪರದೆಯ ಮೇಲೆ ದೆವ್ವ ಹಲ್ಲು ಕಿಸಿದುಕೊಂಡು ಅದುರುತ್ತ ನಿಂತಿತು.

"ಅವರು ಏನ್ ಮಾಡತಿದ್ರುರಿ?"

"ಏನ್ ಹೇಳ್ಲಿವಾ. ಕೆಲಸಾ ಬಿಟ್ಟು ಮಾಳಗಿ ಏರಿ ಕುಂದರತಿದ್ಲು. ಬೈದ್ರ ನಗತಿದ್ಲು. ಒಮ್ಮೆ ನನ್ನ ಮಗನ ಕೈ ಕಚ್ಚಿಬಿಟ್ಲು, ರಕ್ತ ಬರೂಹಂಗ."

"ನಿಮ್ಮ ಮಗ ಕೈ ಎತ್ತಿದಾಗ ಕಚ್ಚಿದ್ರೇನ್ರಿ?"

ಹುಡುಗನ ತಂದೆ ಖಾಲಿ ಚಹಾದ ಬಟ್ಟಲಿನೊಳಗೆ ನೋಡಿದ. ತಾಯಿಗೆ ಮಾತ್ರ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಗಂಡಸ್ರು ಅಂದಮ್ಯಾಲ ಸಿಟ್ಟಿನ್ಯಾಗ ಒಂದೇಟು ಹೊಡೀತಾರ. ಅದಕ್ಕ ಯಾರರೆ ಕಚ್ಚತಾರೇನು? ದೆವ್ವ ಇದ್ದದ್ದಕ್ಕ ಕಚ್ಚಿದ್ಲು."

ಅಕ್ಕ ಹುಡುಗನ ಕಡೆ ತಿರುಗಿದಳು. "ನೀವು ಫಿಜಿಕ್ಸ್ ಕಲಸ್ತೀರಲ್ರಿ. ನಿಮಗ ಏನ್ ಅನಸ್ತು?"

ಅವನು ಜೇಬಿನ ಪೆನ್ನು ಮುಟ್ಟಿಕೊಂಡ. ತಾಯಿಯ ಮುಖ ನೋಡಿದ. "ಹಂಗ ನೋಡಿದ್ರ, ಸೈನ್ಸಿಗೆ ಇನ್ನೂ ತಿಳೀಲಾರದ್ದು ಭಾಳ ಐತ್ರಿ" ಎಂದ.

ಹೊಗೆ ಬಿಡುವವನ ಮೊಣಕೈ ಕಾಣದವನಿಗೆ ಅಣ್ಣನ ಕೈ ಎಲ್ಲಿ ಕಂಡೀತು?

ಜೀಪು ಹೋದ ಮೇಲೆ ಅಕ್ಕ ನಡುಮನೆಯಲ್ಲಿ ನಿಂತು, "ನಾ ಒಲ್ಲೆ" ಎಂದಳು. ಕಾಕಾ ನಗಲಿಕ್ಕೇ ಹತ್ತಿದ. "ಮನಿ ಛಲೋ ಐತಿ, ಹುಡುಗ ಪಗಾರದಾಂವ. ಅವರ ಹಿರೀ ಸೊಸಿ ಸುದ್ದಿ ತಗೊಂಡು ನಾವೇನ್ ಮಾಡೂದು?"

"ಅಪ್ಪಾ, ಆ ಹೆಣ್ಣಮಗಳನ್ನ ಹೊಡದಾರ. ಹೊಡದು, ದೆವ್ವ ಅಂತ ಹೆಸರಿಟ್ಟು ಹೊರಗ ಹಾಕ್ಯಾರ. ನಾಳೆ ನನಗೂ ಅದನ್ನ ಮಾಡ್ತಾರ."

"ನಿನಗ ಹೆಚ್ಚ ತಿಳೀತೈತಿ. ಬಿ.ಎ. ಕಲಿಸಿದ್ದ ತಪ್ಪಾತು."

ಅಕ್ಕ ಅತ್ತಳು, ವಾದಿಸಿದಳು, ಮತ್ತೆ ಅತ್ತಳು. ಕಾಕಾ ಗೋಡೆಯಂತೆ ಕೂತಿದ್ದ. ಅಷ್ಟರಲ್ಲಿ ಮಾವಶಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಂಡನ ಎದುರು ಆಕೆ ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆ ಮನ್ಯಾಗ ದೆವ್ವ ಐತ್ರಿ. ನನ್ನ ಮಗಳನ್ನ ಕೊಡಾಂಗಿಲ್ಲ."

"ಹುಚ್ಚಿ, ಅದನ್ನ ಕೌಜಲಗಿಗೆ ಬಿಟ್ಟು ಬಂದಾರಂತಲ್ಲ."

"ಸೊಸೀನ ಬಿಟ್ಟು ಬಂದಾರ. ದೆವ್ವ ಎಲ್ಲಿ ಹೋಗತೈತ್ರಿ? ಇನ್ನೂ ಅಲ್ಲೇ ಮಾಳಗಿ ಮ್ಯಾಲ ಕುಂತಿರತೈತಿ. ಮುಂದಿನ ಸೊಸಿ ಬರೂದನ್ನ ಕಾಯ್ತಿರತೈತಿ."

ದೆವ್ವಿಲ್ಲ ಭೂತಿಲ್ಲ ಎನ್ನುತ್ತಿದ್ದ ಮನುಷ್ಯ ತುಸು ಹೊತ್ತು ಗಲ್ಲ ಕೆರೆದುಕೊಂಡ. "ಅದೂ ಖರೇನ" ಎಂದ. ಮರುದಿನ ಹುಕ್ಕೇರಿಗೆ ಬೇಡವೆಂದು ಹೇಳಿಕಳಿಸಿದ.

ಅಕ್ಕ ಪಾರಾದಳು, ಆದರೆ ಖುಷಿಯಾಗಲಿಲ್ಲ. ಮುಂದಿನ ವಾರ ನಾನು ಹೋದಾಗ ಕ್ಯಾಸೆಟ್ಟುಗಳನ್ನು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಈ ಮನ್ಯಾಗ ನನ್ನ ಮಾತಿಗೆ ಕಿಮ್ಮತ್ತಿಲ್ಲ, ದೆವ್ವದ ಮಾತಿಗೆ ಐತಿ ನೋಡು" ಎಂದಳು. ಸ್ವಲ್ಪ ಹೊತ್ತಿನ ನಂತರ ಎದ್ದು ಕೂತು, "ಕೌಜಲಗಿಗೆ ಹೋಗೂಣು ನಡಿ" ಎಂದಳು. ಅವಳ ಜೊತೆ ಓದಿದ ಒಬ್ಬಾಕೆ ಆ ಊರಿನವಳು, ಆ ಸೊಸೆಯ ತವರುಮನೆ ಅವಳಿಗೆ ಗೊತ್ತಿತ್ತು. ಮಾವಶಿಗೆ ಗೆಳತಿಯ ಮನೆಗೆಂದು ಹೇಳಿ ಬಸ್ಸು ಹತ್ತಿದೆವು.

ಗೆಳತಿ ತೋರಿಸಿದ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಕೂತಿದ್ದಳು. ಅಕ್ಕ ಕುಪ್ಪಸ ಹೊಲಿಸಬೇಕಿತ್ತೆಂದು ಏನೋ ತೊದಲಿದಳು. ಕೈಯಲ್ಲಿ ಬಟ್ಟೆಯೇ ಇರಲಿಲ್ಲ. ಆ ಹೆಂಗಸು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಹುಕ್ಕೇರಿಯವರು ನಿನ್ನನ್ನ ನೋಡಾಕ ಬಂದಿದ್ರೇನು?" ಎಂದು ಕೇಳಿಯೇಬಿಟ್ಟಳು. ಮೈದುನನಿಗೆ ಕನ್ಯೆ ನೋಡುವ ಸುದ್ದಿ ಅವಳ ಕಿವಿಗೂ ಬಿದ್ದಿರಬೇಕು.

ಅಕ್ಕ ಹೂಂ ಎಂದಳು. ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಆ ಹೆಂಗಸು ಯಂತ್ರ ನಿಲ್ಲಿಸಿ, ಕೇಳುತ್ತ ಕೇಳುತ್ತ ನಗತೊಡಗಿದಳು. ಒಳ್ಳೆಯ, ಹೊಟ್ಟೆಯಿಂದ ಬರುವ ನಗು. ಹವೇಲಿಯ ನಟಿಗೆ ಅಂಥದು ಸತ್ತರೂ ಬರುತ್ತಿರಲಿಲ್ಲ.

"ಮೊದಲ ನಾ ನಕ್ಕಿದ್ದು ಖರೇನ. ಅಷ್ಟ ಓದಿದ ಮನಿ, ಹಲ್ಲಿ ಲೊಚ್ ಅಂದ್ರ ಅಂಗಡಿ ತಗೀತಿರಲಿಲ್ಲ. ಅದಕ್ಕ ನಕ್ಕರ ಏಟು ಬೀಳತಿತ್ತು. ಒಂದಿನ ಕಚ್ಚಿದ್ನಿ. ದೆವ್ವ ಬಡದೈತಿ ಅಂತ ಅವರೇ ಅಂದ್ರು. ಅಂದಿದ್ದ ತಡ, ನನ್ನ ಮುಟ್ಟಾಕ ಎಲ್ಲಾರೂ ಅಂಜಾಕತ್ತರು. ಇದೇನ ಛಲೋ ಆತಲ್ಲ ಅಂತ ನಾನೂ ಹೂಂ ಅಂದ್ನಿ."

"ಅಂದ್ರ?" ಎಂದೆ ನಾನು.

"ಕಣ್ಣ ತಿರುವಿದ್ನಿ, ಕೂದಲಾ ಬಿಚ್ಚಿದ್ನಿ. ದೆವ್ವಕ್ಕ ಏನ್ ಬೇಕು ಕೇಳ್ರಿ ಅಂತ ಮಂತ್ರದಾಂವ ಹೇಳಿದ. ಅತ್ತಿ ಕೈ ಮುಗದು ಕೇಳಿದ್ಲು. ದೆವ್ವಕ್ಕ ಕೌಜಲಗಿಗೆ ಹೋಗಬೇಕಾಗೈತಿ, ಟ್ರಂಕು, ಹೊಲಿಗಿ ಮಷೀನು ಎಲ್ಲಾ ಬೇಕು ಅಂದ್ನಿ. ಅವರ ಜೀಪಿನ್ಯಾಗ ಹೇರಿ ತಂದು ಬಿಟ್ಟು ಹ್ವಾದ್ರು. ಮೈದುನ ಅದಾನಲ್ಲ, ನಿನ್ನ ನೋಡಾಕ ಬಂದಾಂವ, ಅವನೇ ಜೀಪ್ ನಡಸ್ಕೊಂಡು ಬಂದಾಂವ. ದಾರಿತುಂಬ ಕನ್ನಡ್ಯಾಗ ನನ್ನ ಪಾದ ನೋಡಾಕ ಹವಣಸತಿದ್ದ."

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಆಕೆ ತೋಳಿನ ಮೇಲಿನ ಒಂದು ಹಳೆಯ ಗಾಯದ ಕಲೆಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಚಹಾ ಕೊಟ್ಟು ಕಳಿಸಿದಳು.

ಮೂಡಲಗಿಗೆ ಮರಳಿ ಅಕ್ಕ ಎಲ್ಲವನ್ನೂ ಮಾವಶಿಗೆ ಹೇಳಿದಳು. ದೆವ್ವ ಎಂಬುದೇ ಇರಲಿಲ್ಲ, ಎಲ್ಲ ಆ ಹೆಂಗಸಿನ ಆಟ ಎಂದು ತಿಳಿಸಿ, ತಾಯಿಗೆ ನಾಚಿಕೆಯಾಗಲೆಂದು ಕಾದಳು. ಮಾವಶಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಹಂಗಾರ ಅದು ಸೊಸೀದಲ್ಲ, ಆ ಮನಿಯವರದ್ದ ದೆವ್ವ. ಮತ್ತೂ ಕೆಟ್ಟ ಆತು. ಕೊಡಲಿಲ್ಲ, ಛಲೋ ಆತು" ಎಂದಳು.

ಆ ವರ್ಷ ಅಕ್ಕ ಹಟ ಹಿಡಿದು ಬಿ.ಎಡ್. ಸೇರಿದಳು. ಆಮೇಲೆ ಧುಪದಾಳದ ಕಡೆಯ ಒಬ್ಬ ಸಾಧು ಮನುಷ್ಯನನ್ನು ಮದುವೆಯಾದಳು. ಅವನಿಗೆ ದೆವ್ವವೂ ಬೇಡ, ವಿಜ್ಞಾನವೂ ಬೇಡ, ಊಟವಾದ ಮೇಲೆ ನಿದ್ದೆ ಬೇಕು, ಅಷ್ಟೆ. ಹುಕ್ಕೇರಿಯ ಹುಡುಗನಿಗೂ ಎಲ್ಲಿಂದಲೋ ಕನ್ಯೆ ಸಿಕ್ಕಿತೆಂದು ಕೇಳಿದೆವು. ಆಕೆ ಹೇಗಿದ್ದಾಳೋ ತಿಳಿಯದು. ಧಾರಾವಾಹಿ ಮುಗಿಯಲೂ ಇಲ್ಲ, ಒಂದು ಶುಕ್ರವಾರ ಸುಮ್ಮನೆ ನಿಂತುಹೋಯಿತು. ಅದರ ಜಾಗದಲ್ಲಿ ಬಂದ ಅತ್ತೆ-ಸೊಸೆಯರ ಕಥೆಯನ್ನು ನೋಡಿ ನಾನು ಮೂಡಲಗಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹತ್ತಿರ ಹತ್ತಿರ ಹತ್ತು ವರ್ಷದ ಮೇಲೆ, ನಾನು ಗೋಕಾಕದ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಾಗ, ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಮುಖ್ಯ ಅತಿಥಿಯಾಗಿ ಆ ಹುಕ್ಕೇರಿಯವನೇ ಬಂದ. ಕೂದಲು ಉದುರಿತ್ತು, ಪೆನ್ನು ಒಂದಕ್ಕಿಳಿದಿತ್ತು, ಕಳೆ ಹಾಗೇ ಇತ್ತು. ವಿಷಯ ಮೂಢನಂಬಿಕೆ. ಹಳ್ಳಿಯ ಅವಿದ್ಯಾವಂತ ಹೆಂಗಸರು ದೆವ್ವ ಭೂತಗಳನ್ನು ನಂಬಿ ಮನೆ ಹಾಳು ಮಾಡುತ್ತಾರೆಂದು ಬಲು ಹೊತ್ತು ಕೊರೆದ. ನಾನು ಮುಂದಿನ ಸಾಲಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದೆ. ನಡುವೆ ಒಮ್ಮೆ ಕಣ್ಣು ಕೂಡಿತು. ಅವನು ಮಾತು ತಡವರಿಸಿ ನೀರು ಕುಡಿದ.

ವಂದನಾರ್ಪಣೆ ನನ್ನ ಪಾಲಿಗಿತ್ತು. "ಅತಿಥಿಗಳಿಗೆ ಈ ವಿಷಯದಲ್ಲಿ ಮನೆಯ ಅನುಭವವೇ ಇದೆ, ಅದಕ್ಕೇ ಇಷ್ಟು ಚೆನ್ನಾಗಿ ಮಾತಾಡಿದರು" ಎಂದೆ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದವು. ಅವನು ಚಹಾಕ್ಕೂ ನಿಲ್ಲದೆ ಹೊರಟುಹೋದ.

ಗೇಟಿನ ತನಕ ಅವನನ್ನು ಕಳಿಸಿ ಬಂದ ಹೆಡ್ಮಾಸ್ತರರು ಕೇಳಿದರು, "ಏನ್ ಟೀಚರ್, ಪರಿಚಯದವರೇನ್ರಿ?"

"ಅಂಥಾ ಪರಿಚಯ ಏನಿಲ್ರಿ ಸರ್. ಒಮ್ಮೆ ನಮ್ಮ ಮಾವಶಿ ಮನಿಗೆ ಟಿವಿ ನೋಡಾಕ ಬಂದಿದ್ರು."