ಪಡುಗಾಳಿಗೆ ಬೆನ್ನು ಕೊಟ್ಟ ಮನೆ

ಎರ್ಸೀರಾ ನೌಟೊ ಕುರಿಗಳನ್ನು ಕೇಳಿ ಮನೆ ಕಟ್ಟಿಸಿದವಳು ಎಂದು ಪಿದೇನ್ ದ್ವೀಪದವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೂ ನಗುತ್ತಿದ್ದರು, ಅವಳೂ ಜೊತೆಗೆ ನಗುತ್ತಿದ್ದಳು. ಆದರೆ ಮಾತು ಸುಳ್ಳಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಬೌದೀಲಿಯೊ ಚಿಗ್ವಾಯ್, ಮರವನ್ನೆಲ್ಲ ಕೆತ್ತಿ ಒಟ್ಟಿಟ್ಟುಕೊಂಡು, ಮನೆ ಎಲ್ಲಿ ಎಬ್ಬಿಸಲಿ ಎಂದು ಕೇಳಿದರೆ, ಒಂದು ಚಳಿಗಾಲ ಕಳೆಯಲಿ ಇರು ಎಂದುಬಿಟ್ಟಳು. ಆ ಚಳಿಗಾಲವಿಡೀ ಕಂಬಳಿ ಹೊದ್ದು ಮಾವನ ಕುರಿಗಳ ಹಿಂದೆ ಅಲೆದಳು. ಗಾಳಿ ಎದ್ದಾಗ ಅವು ಎಲ್ಲಿ ಹೋಗಿ ಮಲಗುತ್ತವೆ, ಮುಖ ಯಾವ ಕಡೆ ಮಾಡುತ್ತವೆ, ಮಳೆ ಬಿಟ್ಟ ಮೇಲೆ ಯಾವ ಹುಲ್ಲು ಮೊದಲು ಒಣಗುತ್ತದೆ, ಇಷ್ಟೇ ಅವಳು ನೋಡಿದ್ದು. ಕಡೆಗೊಂದು ದಿನ ಒಂದು ಗಬ್ಬದ ಕುರಿಯನ್ನು ಎಬ್ಬಿಸಿ, ಅದು ಮಲಗಿ ಬೆಚ್ಚಗಾಗಿದ್ದ ಜಾಗದಲ್ಲಿ ತಾನು ಕೂತು, ಒಲೆ ಇಲ್ಲಿ ಬರಲಿ ಎಂದಳು.

ಬೌದೀಲಿಯೊ ಸಿಡುಕ, ಆದರೆ ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ದೋಣಿ ಕಟ್ಟುವ ಕೈಯಲ್ಲೇ ಮನೆಯನ್ನೂ ಕಟ್ಟಿದ. ಪಡುವಣ ಕಡೆಗೆ ಮಾಡು ತಗ್ಗಿ ತಗ್ಗಿ ಸೊಂಟದೆತ್ತರಕ್ಕೆ ಇಳಿದಿತ್ತು. ಆ ಕಡೆಯ ಗೋಡೆಗೆ ಮರದ ಬಿಲ್ಲೆಗಳ ಎರಡು ಪದರ. ಕಿಟಕಿ ಇಲ್ಲವೇ ಇಲ್ಲ. ಮೂಡಣಕ್ಕೆ ಬಾಗಿಲು, ಪಕ್ಕದಲ್ಲಿ ಅಡುಗೆಮನೆಯ ಅಗಲ ಕಿಟಕಿ. ಬೆಳಿಗ್ಗೆ ಒಲೆ ಮುಂದೆ ಕೂತವಳ ಮಡಿಲಿಗೇ ಬಿಸಿಲು ಬೀಳುತ್ತಿತ್ತು. ಒಳಗೆ ಜಾಗ ಉಳಿಯಲೆಂದು ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದ್ದ. ಎಲ್ಲದರ ಕೆಳಗೆ ಎರಡು ದಪ್ಪ ತೊಲೆಗಳು, ಅಷ್ಟೆ. ನೆಲಕ್ಕೆ ಒಂದು ಗೂಟವನ್ನೂ ಹೊಡೆದಿರಲಿಲ್ಲ. ಚಿಲೊಯೆ ದ್ವೀಪಗಳ ನಮ್ಮ ಮನೆಗಳೇ ಹಾಗೆ, ಎದ್ದು ಹೊರಡುವ ಮನಸ್ಸಿಟ್ಟುಕೊಂಡೇ ಕೂರುತ್ತವೆ.

ಆ ಬಾಗಿಲು ಕಡಲಿಗೂ ಮುಖ ಮಾಡಿತ್ತು, ಏಕೆಂದರೆ ಅಲ್ಲಿ ಕಡಲೂ ಮೂಡಣಕ್ಕೇ ಇತ್ತು. ನಮ್ಮಲ್ಲಿ ಬಾಗಿಲು ಕಡಲಿಗಲ್ಲದೆ ಇನ್ನೆಲ್ಲಿಗೂ ಮುಖ ಮಾಡುವುದಿಲ್ಲ. ನೆಂಟರು ಬರುವುದು ದೋಣಿಯಲ್ಲಿ, ಹೆಣ ಹೋಗುವುದು ದೋಣಿಯಲ್ಲಿ, ಪಾದ್ರಿ ಅಪರೂಪಕ್ಕೆ ಮುಖ ತೋರಿಸುವುದೂ ದೋಣಿಯಲ್ಲೇ. ಗಾಳಿ ಹೇಳಿದ್ದೂ ಊರು ಹೇಳಿದ್ದೂ ಒಂದೇ ಆಗಿದ್ದರಿಂದ ಗಂಡಹೆಂಡಿರ ನಡುವೆ ಆ ವಿಷಯಕ್ಕೆ ಜಗಳವೇ ಬರಲಿಲ್ಲ.

ಜಗಳ ಬಂದದ್ದು ದೊಡ್ಡ ಭೂಕಂಪವಾಗಿ ವರ್ಷಗಳು ಕಳೆದ ಮೇಲೆ. ಅವತ್ತು ನೆಲ ಕುಸಿದದ್ದೇ ಕುಸಿದದ್ದು, ಕಡಲು ಹಿಂದಕ್ಕೆ ಹೋಗುವುದನ್ನೇ ಮರೆತುಬಿಟ್ಟಿತು. ಪ್ರತಿ ಚಳಿಗಾಲ ದಂಡೆಯ ಒಂದೊಂದು ತುತ್ತನ್ನು ತಿನ್ನುತ್ತಾ ಬಂತು. ಅಂಗಳದ ಸೇಬಿನ ಮರ ಹೂವಿನ ಸಮೇತ ನೀರಿಗೆ ಬಿದ್ದ ದಿನ ಎರ್ಸೀರಾ ಅತ್ತಳು. ಎದುರು ದ್ವೀಪ ಯಾಲ್ಮೆಯಲ್ಲಿ ಬೌದೀಲಿಯೊನ ತಂಗಿ ಉಂಬೆಲೀನಾ ಇದ್ದಳು. ನನ್ನ ದಂಡೆಯ ಮೇಲೆ ಜಾಗ ಬೇಕಾದಷ್ಟಿದೆ, ಮನೆಯನ್ನೇ ಎಳೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದಳು. ಬೌದೀಲಿಯೊ ಹೋಗಿ ಜಾಗ ನೋಡಿ ಬಂದ. ಒಂದೇ ಬಿಸಿಲ ಮಧ್ಯಾಹ್ನದಲ್ಲಿ ನೋಡಿ ಮುಗಿಸಿ ಬಂದ.

ಎರ್ಸೀರಾ ಮಾತ್ರ ಬುಟ್ಟಿಯಲ್ಲಿ ಆಲೂಗಡ್ಡೆ ಕಟ್ಟಿಕೊಂಡು ಚಳಿಗಾಲಕ್ಕೇ ಹೋಗಿ ನಾದಿನಿಯ ಮನೆಯಲ್ಲಿ ಕೂತಳು. ಯಾಲ್ಮೆಯ ಆ ದಂಡೆಗೆ ಕಡಲು ಪಡುವಣದಲ್ಲಿದೆ. ಪಡುಗಾಳಿ ಎರಡು ದ್ವೀಪಗಳ ನಡುವಿನ ನೀರನ್ನು ಉಜ್ಜಿಕೊಂಡು ಬಂದು ನೇರ ಮುಖಕ್ಕೇ ಹೊಡೆಯುತ್ತಿತ್ತು. ಉಂಬೆಲೀನಾಳ ಕುರಿಗಳು ದಂಡೆಯ ದಿಬ್ಬದ ಆಚೆ ಮಗ್ಗುಲಿಗೆ ಹೋಗಿ, ಕಡಲಿಗೆ ಕುಂಡೆ ತಿರುಗಿಸಿ, ಗುಡ್ಡದ ಕಡೆ ಮುಖ ಮಾಡಿ ಮಲಗುತ್ತಿದ್ದವು. ಮಳೆ ಅವುಗಳ ಬೆನ್ನ ಮೇಲೆ ಹಾರಿ ಹೋಗುತ್ತಿತ್ತು. ಎರ್ಸೀರಾ ಅದನ್ನು ದಿನಾ ನೋಡಿದಳು. ಇಲ್ಲಿ ಗಾಳಿಯದೇ ಒಂದು ಮಾತು, ಊರಿನದೇ ಒಂದು ಮಾತು ಎಂದು ಅವಳಿಗೆ ಅರ್ಥವಾಯಿತು. ಬಾಗಿಲು ಕಡಲಿಗೆ ಇಟ್ಟರೆ ಆ ಅಗಲ ಕಿಟಕಿ ಮೊದಲ ಬಿರುಗಾಳಿಗೇ ಒಡೆದು ಒಳಗೆ ಬರುತ್ತದೆ, ಒಲೆ ಹತ್ತುವುದಿಲ್ಲ, ಬೆಳಗಿನ ಬಿಸಿಲಿಗೆ ಸಿಗುವುದು ಕಿಟಕಿ ಇಲ್ಲದ ಗೋಡೆ. ಮನೆ ಬರುತ್ತದೆ, ಆದರೆ ಅದು ಅವಳ ಮನೆಯಾಗಿರುವುದಿಲ್ಲ.

ಬಂದವಳೇ, ಅಲ್ಲಿ ಬಾಗಿಲು ಗುಡ್ಡದ ಕಡೆಗಿರಲಿ ಎಂದು ಗಂಡನಿಗೆ ಹೇಳಿದಳು. ಅವನು ಉಳಿ ಕೆಳಗಿಟ್ಟ.

"ಕಡಲಿಗೆ ಬೆನ್ನು ಹಾಕಿ ಕೂತ್ಕೊಳ್ಳೋ ಮನೆನ ನಾನು ಕಟ್ಟಿಲ್ಲ ಕಣೇ. ದೋಣಿ ಇಳಿದು ಬಂದೋರಿಗೆ ಏನು ಕಾಣ್ಬೇಕು, ನಮ್ಮ ಹಿತ್ತಲ ಗೋಡೆನಾ? ಬೆನ್ನು ತೋರಿಸ್ಕೊಂಡು ಕೂತಿರೋರ ಮನೆಗೆ ಯಾವ ನೆಂಟ್ರು ಬರ್ತಾರೆ?"

"ಕುರಿಗಳು ಹಾಗೇ ಮಲಗ್ತವೆ."

"ಹಾಗಾದ್ರೆ ನೀನು ಕುರಿ ಜೊತೇಲೇ ಸಂಸಾರ ಮಾಡು, ಮಾರಾಯ್ತಿ."

ಆಮೇಲೆ ಅವನು ಸಮಾಧಾನದ ದನಿಯಲ್ಲಿ, ಕಡಲ ಕಡೆಗೆ ಆಮೇಲೆ ಎರಡನೇ ಪದರ ಬಿಲ್ಲೆ ಹೊಡೆದುಕೊಡುತ್ತೇನೆ, ಕಿಟಕಿಗೆ ಹಲಗೆ ಬಡಿಯುತ್ತೇನೆ ಎಂದೆಲ್ಲ ಹೇಳಿದ. ಕಿಟಕಿಗೆ ಹಲಗೆ ಎಂಬ ಮಾತು ಕೇಳಿ ಅವಳು ಎದ್ದು ಹೋದಳು. ಎರಡು ದಿನ ಅವನಿಗೆ ಬರೀ ತಣ್ಣಗಿನ ಆಲೂಗಡ್ಡೆ ಸಿಕ್ಕಿತು.

ತಮಾಷೆ ಏನೆಂದರೆ, ಮನೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಎರ್ಸೀರಾ ಹೇಳಿದ ಹಾಗೇ ಕೂರುತ್ತಿತ್ತು. ಪಿದೇನ್‌ನಿಂದ ಬಾಗಿಲು ಮುಂದು ಮಾಡಿ ನೀರಿಗಿಳಿದು, ಮೂಡಣಕ್ಕೆ ನೆಟ್ಟಗೆ ಸಾಗಿ, ಯಾಲ್ಮೆಯ ದಂಡೆ ಹತ್ತಿದರೆ ಬಾಗಿಲು ಗುಡ್ಡಕ್ಕೇ ಇರುತ್ತದೆ. ಅದನ್ನು ಊರಿನ ರೀತಿಗೆ ತರಬೇಕೆಂದರೆ ಎಲ್ಲೋ ಒಂದು ಕಡೆ ಪೂರ್ತಿ ತಿರುಗಿಸಬೇಕು. ನೆಲದ ಮೇಲೆ ಅಷ್ಟು ದೊಡ್ಡ ಮನೆ ತಿರುಗುವುದಿಲ್ಲ. ತಿರುಗಿಸುವುದಿದ್ದರೆ ನೀರಿನ ಮೇಲೇ. ಬೌದೀಲಿಯೊ ಅದನ್ನು ಯೋಚಿಸಿಯೇ ಇಟ್ಟಿದ್ದ, ತನ್ನ ಸೋದರಸಂಬಂಧಿ ನೊಲ್ಬೆರ್ತೊನ ಕಿವಿಗೂ ಹಾಕಿದ್ದ.

ನೊಲ್ಬೆರ್ತೊನಿಗೇ ಏಕೆಂದರೆ, ಊರೆಲ್ಲ ಕೂಡಿ ಮನೆ ಎಳೆಯುವ ಮಿಂಗಾ ಎಂದರೆ ಸುಮ್ಮನೆ ಆಳು ಕರೆಯುವುದಲ್ಲ. ಮನೆ ಸಾಗಿಸಬೇಕಾದವರು ಗಂಡಹೆಂಡಿರಿಬ್ಬರೂ ಬಾಗಿಲು ಬಾಗಿಲಿಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು, ನಮ್ಮ ಮನೆಗೆ ಕಾಲು ಕೊಡಿ ಎಂದು ಬೇಡಬೇಕು. ಒಪ್ಪಿದವರು ಎತ್ತು, ದೋಣಿ, ತೋಳು ತರುತ್ತಾರೆ; ಬೇಡಿದವರು ಹೊಟ್ಟೆ ತುಂಬ ಊಟ, ಸೇಬಿನ ಹೆಂಡ ಚೀಚಾ ಕೊಡುತ್ತಾರೆ. ಆದರೆ ಬೇಡಿದ ಬಾಯಿ ಆ ದಿನ ಅಪ್ಪಣೆ ಕೊಡುವಂತಿಲ್ಲ. ಮನೆ ಅವರದೇ, ಮಾತು ಮುಂದಾಳಿನದು. ಈ ಸಲದ ಮುಂದಾಳು ನೊಲ್ಬೆರ್ತೊ. ಅವನು ಹುಟ್ಟಾ ಜಂಬದ ಕೋಳಿ. ಬಾಗಿಲು ಕಡಲಿಗೇ ಎಂದು ಒಮ್ಮೆ ಅಂದ ಮೇಲೆ ಮುಗಿಯಿತು.

ದೊಡ್ಡ ಭರತದ ದಿನ ಪಿದೇನ್‌ನ ಎತ್ತುಗಳೆಲ್ಲ ಎರ್ಸೀರಾಳ ಅಂಗಳದಲ್ಲಿದ್ದವು. ಕಾಡಿನ ಕುಳ್ಳ ದೆವ್ವ ಒಳಗೆ ಉಳಿದಿದ್ದರೆ ಹೊರಟುಹೋಗಲಿ ಎಂದು ಹೆಂಗಸರು ಸೊಪ್ಪಿನಿಂದ ಗೋಡೆಗಳನ್ನು ಬಡಿದರು. ಒಲೆಯ ಬೆಂಕಿಯನ್ನು ಆರಿಸಬಾರದು, ಅದು ಮನೆಯ ಜೊತೆಗೇ ಹೋಗಬೇಕು. ಎರ್ಸೀರಾ ಕೆಂಡಗಳನ್ನು ಕಬ್ಬಿಣದ ಮಡಕೆಗೆ ತುಂಬಿ ಬೂದಿ ಮುಚ್ಚಿದಳು. ನೊಲ್ಬೆರ್ತೊ ಕೈ ಎತ್ತಿದ. ನೊಗಗಳು ಕಿರುಗುಟ್ಟಿದವು, ಹಗ್ಗಗಳು ಬಿಗಿದವು, ಮನೆ ಒಮ್ಮೆ ನರಳಿ ತಾನು ಅಷ್ಟು ವರ್ಷ ಕೂತಿದ್ದ ಜಾಗ ಬಿಟ್ಟು ಮುಂದಕ್ಕೆ ಹೆಜ್ಜೆ ಇಟ್ಟಿತು. ಅದರ ಕೆಳಗಿನ ನೆಲ ಒಣಗಿ ಬೆಳ್ಳಗಿತ್ತು. ಕುರಿ ಹೇಳಿದ ಮಾತು ಅಷ್ಟೂ ವರ್ಷ ಸುಳ್ಳಾಗಿರಲಿಲ್ಲ ಎಂದು ಎರ್ಸೀರಾಳಿಗೆ ಹೆಮ್ಮೆಯೂ ಆಯಿತು, ಕಣ್ಣೂ ತುಂಬಿತು.

ದಂಡೆಯ ಮರಳಿನಲ್ಲಿ ಮನೆಯ ಸುತ್ತ ಖಾಲಿ ಪೀಪಾಯಿಗಳನ್ನು ಕಟ್ಟಿ ಎಲ್ಲರೂ ಭರತಕ್ಕೆ ಕಾದರು. ನೀರು ಹೊಸ್ತಿಲ ಕೆಳಗೆ ಬಂತು, ತೊಲೆಗಳನ್ನು ಮುಚ್ಚಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮನೆ ಎದ್ದಿತು. ಸದ್ದಿಲ್ಲ, ಗದ್ದಲವಿಲ್ಲ, ನಿದ್ದೆಯಿಂದ ಎದ್ದ ಹಾಗೆ ಎದ್ದಿತು. ಅಷ್ಟು ಹೊತ್ತು ಕೂಗಾಡುತ್ತಿದ್ದ ಗಂಡಸರಲ್ಲಿ ಕೆಲವರು ಟೋಪಿ ತೆಗೆದರು. ಎಷ್ಟು ಮನೆ ಎಳೆದವರಿಗೂ ಈ ಗಳಿಗೆ ಹಳತಾಗುವುದಿಲ್ಲ. ತಾನು ರೊಟ್ಟಿ ಸುಟ್ಟ, ಬಟ್ಟೆ ಒಣಹಾಕಿದ, ಜ್ವರದಲ್ಲಿ ಮಲಗಿದ ಮನೆ ನೀರಿನ ಮೇಲೆ ನಿಂತಿದೆ, ಕಿಟಕಿಯ ಗಾಜಿನಲ್ಲಿ ದೂರದ ಹಿಮದ ಬೆಟ್ಟಗಳು ಅಲುಗಾಡುತ್ತಿವೆ. ಎರ್ಸೀರಾ ಕೆಂಡದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ದೋಣಿಯಲ್ಲಿ ಕೂತಿದ್ದಳು. ಇಂಥದ್ದನ್ನು ನೋಡುವ ಭಾಗ್ಯ ಕಣ್ಣಿಗೆ ಹೇಗೆ ಬಂತಪ್ಪಾ ಎಂದುಕೊಂಡಳು. ಮುಂದೆ ಏನಾಗಲಿದೆ ಎಂಬುದನ್ನೂ ಸ್ವಲ್ಪ ಹೊತ್ತು ಮರೆತಳು.

ಮೋಟಾರು ದೋಣಿಗಳು ಬಾಗಿಲ ಕಡೆಯಿಂದ ಎಳೆದವು. ಮನೆ ಅವುಗಳ ಹಿಂದೆ ವಿಧೇಯವಾಗಿ ಸಾಗಿತು. ನಡುನೀರಿಗೆ ಬಂದಾಗ ನೊಲ್ಬೆರ್ತೊ ಟೋಪಿ ಬೀಸಿದ. ಬೌದೀಲಿಯೊನ ದೋಣಿ ಬಳಸಿ ಬಂದು ಮನೆಯ ಹಿಂಬದಿಯ ಮೂಲೆಯ ಹಗ್ಗ ಹಿಡಿಯಿತು. ಮನೆ ತಿರುಗತೊಡಗಿತು. ತಗ್ಗಿದ ಮಾಡು ಪಡುವಣವನ್ನು ಬಿಟ್ಟಿತು, ಅಗಲ ಕಿಟಕಿ ನಿಧಾನವಾಗಿ ಹೊರಳಿಕೊಂಡಿತು. ಎರ್ಸೀರಾ ತುಟಿ ಕಚ್ಚಿಕೊಂಡಳು. ಅಪ್ಪಣೆ ಕೊಡುವಂತಿಲ್ಲ. ಕೂಗಿದರೆ ಎರಡು ದ್ವೀಪದ ಮುಂದೆ ಗಂಡನ ಮರ್ಯಾದೆಯೂ ಹೋಗುತ್ತದೆ, ತಾನು ಬೇಡಿ ತಂದ ಕೈಗಳೂ ಹಗ್ಗ ಬಿಡುತ್ತವೆ. ಅವಳು ಮಡಕೆಯ ಬೂದಿ ಕೆದಕಿ ಕೆಂಡ ಊದಿದಳು, ಮಾಡಲು ಅವಳಿಗೆ ಬೇರೇನೂ ಇರಲಿಲ್ಲ.

ಆಗ ಗಾಳಿ ಬಂತು. ಬಿರುಗಾಳಿಯೇನಲ್ಲ, ಮಧ್ಯಾಹ್ನದ ಹೊತ್ತಿಗೆ ದಿನಾ ಬರುವ ಪಡುಗಾಳಿ. ಆದರೆ ಮನೆ ಅಷ್ಟು ಹೊತ್ತಿಗೆ ಅದಕ್ಕೆ ಅಡ್ಡಲಾಗಿತ್ತು. ಎತ್ತರದ ಪಕ್ಕಗೋಡೆಗೆ ಗಾಳಿ ಕೈ ಹಾಕಿ ತಳ್ಳಿತು. ಒಂದು ಪೀಪಾಯಿ ಮುಳುಗಿತು. ಮನೆ ವಾಲಿತು, ಹೊಸ್ತಿಲು ದಾಟಿ ನೀರು ಒಳಗೆ ಹೋದದ್ದು ಎಲ್ಲರಿಗೂ ಕಾಣಿಸಿತು. ನೊಲ್ಬೆರ್ತೊ ಇನ್ನೂ ಟೋಪಿ ಬೀಸುತ್ತಲೇ ಇದ್ದ. ಒಳಗಿನಿಂದ ತೊಲೆಯೊಂದು ಕೂಗಿತು, ಉದ್ದಕ್ಕೆ, ನೋವಿನಿಂದ. ಆ ತೊಲೆಯನ್ನು ಕೆತ್ತಿದವನಿಗೆ ಅದು ಯಾವ ತೊಲೆ ಎಂದು ಗೊತ್ತಿತ್ತು.

ಬೌದೀಲಿಯೊ ಹಿಂತಿರುಗಿ ಹೆಂಡತಿಯ ಕಡೆ ನೋಡಿದ. ಅವಳು ಬಾಯಿ ಬಿಡಲಿಲ್ಲ. ಅವನ ಕೈಯಿಂದ ಹಗ್ಗ ಜಾರಿತು.

ಎಂದೂ ಯಾವ ಕಡಲಲ್ಲೂ ಹಗ್ಗ ಬಿಡದ ಕೈ ಅದು. ಹಗ್ಗ ಹಾವಿನ ಹಾಗೆ ನೀರಿಗೆ ಹೋಯಿತು, ಮತ್ತೆ ಮನೆ, ಅಯ್ಯೋ ದೇವರೇ, ಮನೆ ತಾನಾಗಿಯೇ ತಿರುಗಿತು. ಯಾರೂ ಮುಟ್ಟಲಿಲ್ಲ. ತಗ್ಗಿದ ಬೆನ್ನನ್ನು ಗಾಳಿಗೆ ಕೊಟ್ಟು, ಬಾಗಿಲನ್ನು ಮೂಡಣಕ್ಕೆ ಮಾಡಿ, ನೆಟ್ಟಗಾಗಿ, ಒಳಗಿನ ನೀರನ್ನು ಹೊಸ್ತಿಲಿನಿಂದ ಸುರಿಸಿಕೊಂಡು ನಿಂತಿತು. ಗಾಳಿ ಈಗ ಅದನ್ನು ಬೀಳಿಸುತ್ತಿರಲಿಲ್ಲ, ಯಾಲ್ಮೆಯ ಕಡೆಗೆ ನೂಕುತ್ತಿತ್ತು. ಎರ್ಸೀರಾಳ ಮೈಯ ರೋಮವೆಲ್ಲ ನಿಂತಿತ್ತು. ಇಷ್ಟು ವರ್ಷ ತಾನು ಒಂದು ಜಾಗಕ್ಕೆ ತಕ್ಕ ಮನೆ ಮಾಡಿಸಿದೆ ಎಂದುಕೊಂಡಿದ್ದಳು. ಮಾಡಿಸಿದ್ದು ಗಾಳಿಗೆ ತಕ್ಕ ಮನೆ ಎಂದು ಅವಳಿಗೆ ಈಗ ತಿಳಿಯಿತು.

ನೊಲ್ಬೆರ್ತೊ ದೋಣಿ ಹತ್ತಿರ ತಂದು ಹರಿಹಾಯ್ದ. ಮನೆಯವನಾಗಿ ಅಪ್ಪಣೆ ಮೀರಿದೆಯಾ ಎಂದು ಕೇಳಿದ.

"ನಾನೆಲ್ಲಿ ಮಾತಾಡ್ದೆ? ಕೈ ಜಾರ್ತು, ಅಷ್ಟೆ" ಅಂದ ಬೌದೀಲಿಯೊ. ಯಾರೂ ನಂಬಲಿಲ್ಲ, ಆದರೂ ಮುಂದಿನ ದೋಣಿಗಳು ಮತ್ತೆ ಎಳೆಯತೊಡಗಿದವು.

ಯಾಲ್ಮೆಯ ಎತ್ತುಗಳು ಮನೆಯನ್ನು ದಂಡೆ ಹತ್ತಿಸಿ ದಿಬ್ಬದ ಪಕ್ಕ ಕೂರಿಸಿದವು. ಉಂಬೆಲೀನಾ ಕಾದ ಕಲ್ಲಿನ ಗುಂಡಿಯಲ್ಲಿ ಚಿಪ್ಪು, ಹಂದಿಮಾಂಸ, ಆಲೂಗಡ್ಡೆ ಬೇಯಿಸಿ ಕಾದಿದ್ದಳು. ಊಟಕ್ಕೆ ಬಂದವರೆಲ್ಲ ಹಿತ್ತಲ ಗೋಡೆಯ ಮುಂದೆ ನಿಂತು ಬಾಗಿಲು ಬಡಿಯುವ ನಾಟಕವಾಡಿ ನಕ್ಕರು. ಬೌದೀಲಿಯೊ ನಗಲಿಲ್ಲ. ಎರ್ಸೀರಾ ಕೆಂಡವನ್ನು ಒಲೆಗೆ ಸುರಿದಳು, ಒಂದೇ ಊದಿಗೆ ಹತ್ತಿತು. ಅವತ್ತಿನಿಂದ ಅವನು ದೋಣಿ ಸದ್ದು ಕೇಳಿದರೆ ಸಾಕು, ಎದ್ದು ಮನೆ ಸುತ್ತಿ ಹೋಗಿ ನೀರಿನ ಹತ್ತಿರ ನಿಲ್ಲುತ್ತಿದ್ದ. ಬಂದವರು ಗೋಡೆ ನೋಡಿ ತಿರುಗಿ ಹೋಗಿಬಿಟ್ಟರೆ ಎಂಬ ಹೆದರಿಕೆ ಅವನಿಗೆ.

ಚಳಿಗಾಲದ ಮೊದಲ ಬಿರುಗಾಳಿ ಇಡೀ ರಾತ್ರಿ ಹೊಡೆಯಿತು. ಒಳಗೆ ದೀಪವೂ ಅಲುಗಲಿಲ್ಲ. ಬೆಳಿಗ್ಗೆ ಬೌದೀಲಿಯೊ ನೀರಿಗೆಂದು ಕೊಡ ಹಿಡಿದು ಬಾಗಿಲು ತಳ್ಳಿದರೆ ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದ. ನಡುನೀರಲ್ಲಿ ವಾಲಿದಾಗಲೇ ಚೌಕಟ್ಟು ಸೊಟ್ಟಗಾಗಿದೆ, ನನ್ನ ತಪ್ಪೇ ಎಂದು ಗೊಣಗಿದ. ಎರ್ಸೀರಾ ಅಗಲ ಕಿಟಕಿಯ ಹತ್ತಿರ ಹೋಗಿ ನೋಡಿದಳು, ಅವನನ್ನು ತೋಳು ಹಿಡಿದು ಎಳೆದು ತಂದು ನಿಲ್ಲಿಸಿದಳು.

ಉಂಬೆಲೀನಾಳ ಕುರಿಗಳು ತಮ್ಮ ಹಳೆಯ ದಿಬ್ಬವನ್ನು ಬಿಟ್ಟು ಬಂದಿದ್ದವು. ಹಿಂಡಿಗೆ ಹಿಂಡೇ ಅವಳ ಹೊಸ್ತಿಲಿಗೆ ಒತ್ತಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಸುತ್ತಲಿನ ಹುಲ್ಲೆಲ್ಲ ತೊಯ್ದು ನೆಲಕಚ್ಚಿತ್ತು. ಅವುಗಳ ಉಣ್ಣೆ ಒಣಗಿತ್ತು. ಮೂಡಣದ ಬಿಸಿಲು ಅವುಗಳ ಮೇಲೂ ಅವಳ ಕೈಯ ಮೇಲೂ ಒಟ್ಟಿಗೆ ಬಿದ್ದಿತು.

ಬೌದೀಲಿಯೊ ಬಹಳ ಹೊತ್ತು ನೋಡಿದ. ಆಮೇಲೆ ಕಿಟಕಿಯ ಚಿಲಕ ತೆಗೆದು, ಕೊಡವನ್ನು ಹೊರಗಿಟ್ಟು, ಆ ವಯಸ್ಸಿನಲ್ಲಿ ಏದುಸಿರು ಬಿಡುತ್ತಾ ಒಂದು ಕಾಲನ್ನು ಆಚೆ ಹಾಕಿದ.

"ಬಾಗ್ಲು ತಳ್ಬೇಡ ಕಣೇ" ಎಂದು ಪಿಸುಗುಟ್ಟಿದ. "ನೆಂಟ್ರು ಮಲಗವ್ರೆ."