ಘ್ರಾಣಾಚಾರ್ಯರ ಎರಡು ಸೀಸೆಗಳು

ಹಳೆಯ ತಂಬಾಕಿನ ಪೈಪುಗಳನ್ನು ತೊಳೆದು, ತಿದ್ದಿ, ಮತ್ತೆ ಸೇದುವಂತೆ ಮಾಡಿಕೊಡುತ್ತಿದ್ದ ಆ ಮನುಷ್ಯರಿಗೆ ‘ಘ್ರಾಣಾಚಾರ್ಯ’ ಎಂಬ ಬಿರುದನ್ನು ದಯಪಾಲಿಸಿದವನು ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು. ಗೇಲಿಗೆಂದು ಹುಟ್ಟಿದ ಹೆಸರು ಇಪ್ಪತ್ತು ವರ್ಷಗಳಲ್ಲಿ ಗೌರವದ ಹೆಸರೇ ಆಗಿ ನಿಂತಿತು. ಸ್ವತಃ ಒಂದು ದಿನವೂ ಹೊಗೆ ಎಳೆದವರಲ್ಲ. ಆದರೆ ಗಿರಾಕಿ ಇನ್ನೂ ಮೆಟ್ಟಿಲ ಮೇಲಿರುವಾಗಲೇ, ಅವನ ಜೇಬಿನಲ್ಲಿರುವ ಪೈಪಿನೊಳಗೆ ಎಂಥ ತಂಬಾಕು ಉರಿದಿದೆ, ಎಷ್ಟು ಕಾಲದಿಂದ ಅದು ಸ್ನಾನ ಕಂಡಿಲ್ಲ ಎಂಬುದನ್ನು ಕುಳಿತಲ್ಲಿಂದಲೇ ಹೇಳಬಲ್ಲವರು.

ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿನ ಒಳಗೋಡೆಗೆ ಕಟ್ಟಿದ ಕರಿಯನ್ನು ನಾಣ್ಯದ ದಪ್ಪದಷ್ಟು ಮಾತ್ರ ಉಳಿಸಿ ಕೆರೆಯುವುದು, ಬಾಯಿಗಿಡುವ ಕೊಳವೆಯಲ್ಲಿ ಹಲ್ಲು ಮೂಡಿಸಿದ ತಗ್ಗುಗಳನ್ನು ಸಣ್ಣ ಉರಿಯ ಮೇಲೆ ಆಡಿಸಿ ಮೇಲೆಬ್ಬಿಸುವುದು, ಇವೆಲ್ಲ ಕೈಯ ಕೆಲಸ. ಕೊನೆಯದು ಮೂಗಿನ ಕೆಲಸ. ಬಟ್ಟಲಿಗೆ ಹತ್ತಿ ತುಂಬಿ, ಅದರ ಮೇಲೆ ಸ್ಪಿರಿಟ್ ಹನಿಸಿ, ಒಂದು ಹಗಲು ಒಂದು ಇರುಳು ಬಿಟ್ಟರೆ ಮರದೊಳಗೆ ಸೇರಿಕೊಂಡ ಹಳೆಯ ಹೊಗೆಯೆಲ್ಲ ಹತ್ತಿಗೆ ಇಳಿದು ಬರುತ್ತದೆ. ಆಮೇಲೆ ಒಣಗಲು ಬಿಟ್ಟು ಮೂರು ಸಲ ಮೂಸುವುದು: ತಣ್ಣಗಿರುವಾಗ ಒಮ್ಮೆ, ಅಂಗೈಯಲ್ಲಿ ಬೆಚ್ಚಗಾದಾಗ ಒಮ್ಮೆ, ಒಳಗೆ ಉಸಿರು ಊದಿ ಮತ್ತೊಮ್ಮೆ. ಮೂರು ಸಲವೂ ಬರಿಯ ಮರದ ವಾಸನೆ ಬಂದರೆ ಪೈಪು ಮನೆಗೆ ಹೋಗಬಹುದು.

ಕಪಾಟಿನಲ್ಲಿ ಒಂದೇ ಎತ್ತರದ, ಒಂದೇ ಕಂದುಬಣ್ಣದ ಎರಡು ಸೀಸೆಗಳಿದ್ದವು. ಒಂದರಲ್ಲಿ ಪೈಪಿನ ಒಳಗೆ ಹಾಕುವ ಶುದ್ಧ ಸ್ಪಿರಿಟ್. ಇನ್ನೊಂದರಲ್ಲಿ ಹೊರಮೈಯ ಹಳೆಯ ವಾರ್ನಿಷ್ ಕರಗಿಸುವ ಥಿನ್ನರ್, ಪಕ್ಕಾ ವಿಷ. ಎರಡಕ್ಕೂ ಚೀಟಿಯಿರಲಿಲ್ಲ. ಚೀಟಿ ಅಂಟಿಸೆಂದು ಅವರ ಅಕ್ಕ ಎಷ್ಟು ಸಲ ಹೇಳಿದ್ದರೋ! ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಮನೆಯನ್ನೂ ಅದರ ಮುಂಭಾಗದ ಅಂಗಡಿಯನ್ನೂ ಒರೆಸಿ ಒಪ್ಪವಾಗಿಡುವವರು ಆಕೆಯೇ. ಚೀಟಿ ಓದುವುದು ಮೂಗಿಲ್ಲದವರ ಪಾಡು ಎಂದು ತಮ್ಮ ಪ್ರತಿಸಲವೂ ಬಾಯಿ ಮುಚ್ಚಿಸುತ್ತಿದ್ದರು.

ಹೀಗೆ ಹೇಳಿಕೊಂಡು ಬಂದವರಿಗೆ ಆ ವರ್ಷ ಒಂದು ನೆಗಡಿ ಬಂತು. ಐದು ದಿನ ಕಾಡಿ ನೆಗಡಿ ಹೋಯಿತು. ಹೋಗುವಾಗ ಒಂಟಿಯಾಗಿ ಹೋಗಲಿಲ್ಲ. ಆರನೆಯ ಬೆಳಿಗ್ಗೆ ಸಾಬೂನು ನೀರಿನಂತಿತ್ತು, ಕಾಫಿ ಬಿಸಿಯಾಗಿತ್ತು, ಅಷ್ಟೇ. ತಂಬಾಕಿನ ಡಬ್ಬಿ ತೆರೆದು ಮುಖವನ್ನೇ ಹುದುಗಿಸಿದರು. ಗಾಳಿ. ನಾಳೆ ಬಂದೀತು ಎಂದುಕೊಂಡರು. ನಾಳೆಗಳು ಹತ್ತು ಕಳೆದವು. ಇದರ ನಡುವೆ ಒಲೆಯ ಮೇಲಿನ ಹಾಲು ಸೀದು ತಳ ಹಿಡಿದು ಕರಕಲಾಗುವಾಗ ಅವರು ಎರಡು ಮಾರು ದೂರದಲ್ಲಿ ಪತ್ರಿಕೆ ಓದುತ್ತಿದ್ದರು. ಅಕ್ಕ ಓಡಿ ಬಂದು ಪಾತ್ರೆ ಇಳಿಸಿ, ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದರು. ಓದಿನಲ್ಲಿ ಮೈಮರೆತಿದ್ದೆ ಎಂದರು ಆಚಾರ್ಯರು. ಅಕ್ಕ ಪಾತ್ರೆಗೆ ನೀರು ಸುರಿದು ಉಜ್ಜತೊಡಗಿದರು.

ಯಾರಿಗೂ ಹೇಳಲಾರದ ಸಂಗತಿಯಾಗಿತ್ತು ಅದು. ಕಣ್ಣು ಮಂಜಾದ ದರ್ಜಿಯ ಬಳಿ ಜನ ಬಟ್ಟೆ ಕೊಟ್ಟಾರು. ಮೂಗಿಲ್ಲದ ಘ್ರಾಣಾಚಾರ್ಯನಿಗೆ ಪೈಪು ಕೊಡುವವರು ಯಾರು? ಮೂಸುವ ಶಾಸ್ತ್ರವನ್ನು ಗಿರಾಕಿಗಳ ಮುಂದೆ ಎಂದಿನಂತೆ ನಡೆಸುತ್ತ, ಒಣಗಿತೋ ಇಲ್ಲವೋ ಎಂಬುದನ್ನು ದಿನ ಎಣಿಸಿ ತೀರ್ಮಾನಿಸುತ್ತ ಬಂದರು. ನಿವೃತ್ತ ರೈಲ್ವೆ ಗಾರ್ಡರ ಪೈಪೂ ಹೀಗೆಯೇ ಸಿದ್ಧವಾಗಿ, ಮೂರು ಸುಳ್ಳು ಮೂಸುವಿಕೆಗಳನ್ನು ಪಡೆದು, ಹದಿನೈದನೆಯ ದಿನ ಬೆಳಿಗ್ಗೆ ಒಡೆಯರ ಜೇಬು ಸೇರಿತು. ದಿನಕ್ಕೊಂದೇ ಪೈಪು ಗಾರ್ಡರದು. ಮನೆಯ ಹಿಂದಿನ ಹಳಿಯ ಮೇಲೆ ಐದು ಗಂಟೆಯ ರೈಲು ಹಾದುಹೋಗುವಾಗ ಕಡ್ಡಿ ಗೀರುವುದು ಅವರ ವ್ರತ.

ಅದೇ ದಿನ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಆಚಾರ್ಯರು ಮತ್ತೊಂದು ಪೈಪಿನ ವಾರ್ನಿಷ್ ತೆಗೆಯಲು ಎಂದೂ ಥಿನ್ನರ್ ಇರುವ ಎಡಗಡೆಯ ಸೀಸೆಯಿಂದ ಬಟ್ಟೆಗೆ ಒಂದಿಷ್ಟು ಸುರಿದುಕೊಂಡು ಉಜ್ಜಿದರು. ವಾರ್ನಿಷ್ ಜಗ್ಗಲಿಲ್ಲ. ಇನ್ನೊಮ್ಮೆ ಉಜ್ಜಿದರು. ಬಟ್ಟೆ ಬೆಳ್ಳಗೇ ಉಳಿಯಿತು. ಥಿನ್ನರಿಗೆ ಕರಗದ ವಾರ್ನಿಷನ್ನು ಅವರು ಕಂಡಿದ್ದಿಲ್ಲ. ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದರು. ಬಟ್ಟೆ ತಣ್ಣಗಿತ್ತು, ಬೇರೇನನ್ನೂ ಹೇಳಲಿಲ್ಲ. ಆಗ ಕಣ್ಣು ಬಲಗಡೆಯ ಸೀಸೆಯ ಮೇಲೆ ಹೋಯಿತು. ಗಾರ್ಡರ ಪೈಪಿಗೆ ಹನಿಸಿದ್ದು ಅದರಿಂದ. ಹಿಂದಿನ ವಾರ ಅಕ್ಕ ಸೀಸೆಗಳನ್ನು ಕೆಳಗಿಳಿಸಿ ಕಪಾಟು ಒರೆಸಿದ್ದರು.

ಮನಸ್ಸು ಒಡನೆಯೇ ವಕಾಲತ್ತಿಗೆ ನಿಂತಿತು: ಇದು ಹಠಮಾರಿ ವಾರ್ನಿಷ್ ಇರಬಹುದು, ಥಿನ್ನರೇ ಆಗಿದ್ದರೂ ನಾಲ್ಕು ದಿನದಲ್ಲಿ ಹಾರಿಹೋಗಿರಬಹುದು, ಗಾರ್ಡರಿಗೇ ವಾಸನೆ ಹೊಡೆದು ಅವರೇ ಬಿಟ್ಟಾರು. ಫೋನು ಮಾಡಿದರು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಗಾರ್ಡರಿಗೆ ಕಿವಿ ಮಂದ, ಅವರ ಹೆಂಡತಿ ಹಿತ್ತಿಲಲ್ಲಿದ್ದರೆ ಕೇಳಿಸದು. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಆಚಾರ್ಯರು ಬಾಗಿಲು ಹಾಕಲು ಮರೆತು ಹೊರಟರು.

ಊರಿನ ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯ ಹಾದಿ. ಅರವತ್ತು ದಾಟಿದ ಕಾಲುಗಳು ಓಡಲು ಹೋಗಿ ಎಡವಿದವು, ನಡೆಯಲು ಹೋಗಿ ನಾಚಿದವು. ಬಟ್ಟಲಿಗೆ ಕಿಚ್ಚು ತಾಗಿ ಗಾರ್ಡರ ಬಿಳಿಯ ಮೀಸೆ ಭಗ್ಗೆನ್ನುವುದು ಕಣ್ಣಿಗೆ ಕಟ್ಟಿದಂತಿತ್ತು. ಆ ಚಿತ್ರದ ಹಿಂದೆಯೇ, ಅದಕ್ಕಿಂತ ನಾಚಿಕೆಗೇಡಿನದೊಂದು ಚಿತ್ರವೂ ಬರುತ್ತಿತ್ತು. ಊರೆಲ್ಲ ನಗುತ್ತಿರುವುದು, ಗಡಿಯಾರದವನು ಎಲ್ಲರಿಗಿಂತ ಮೊದಲು. ಭಗವಂತ ಕೊಟ್ಟದ್ದನ್ನು ನನ್ನದೆಂದು ಮೆರೆದೆ, ಅವನು ಹಿಂತೆಗೆದುಕೊಂಡಾಗಲಾದರೂ ಒಪ್ಪಿಕೊಳ್ಳಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು.

ಗಾರ್ಡರು ಹಿತ್ತಿಲ ಕುರ್ಚಿಯಲ್ಲಿ ಕುಳಿತು, ತುಂಬಿದ ಪೈಪನ್ನು ಹಲ್ಲಿನ ನಡುವೆ ಹಿಡಿದು, ಕಡ್ಡಿಯನ್ನು ಗೀರಲು ಪೆಟ್ಟಿಗೆಗೆ ಒತ್ತಿ ಹಿಡಿದಿದ್ದರು. ಆಚಾರ್ಯರು ಮಾತಾಡಲು ಉಸಿರಿಲ್ಲದೆ, ನೇರವಾಗಿ ಹೋಗಿ ಕಡ್ಡಿಪೆಟ್ಟಿಗೆಯನ್ನೇ ಕಿತ್ತುಕೊಂಡರು. ರೈಲು ಗಡಗಡಿಸಿ ಹಾದುಹೋಯಿತು. ಅದು ಪೂರ್ತಿ ಹೋಗುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕಾಯಬೇಕಾಯಿತು.

“ಏನ್ರೀ ಆಚಾರ್ರೇ, ನಲವತ್ತು ವರ್ಷ ನಾನು ಒಂದು ರೈಲೂ ತಪ್ಪಿಸ್ಕೊಂಡವನಲ್ಲ,” ಎಂದರು ಗಾರ್ಡರು.

“ಪೈಪು ಮೂಸಿ ನೋಡಿ ಸಾಹೇಬ್ರೇ. ಏನಾದ್ರೂ ಬರ್ತಿದ್ಯಾ?” ಎಂದು ಆಚಾರ್ಯರು ಕಿವಿಯ ಬಳಿ ಕೂಗಿ ಕೇಳಿದರು.

“ನಾನಾ? ಕಲ್ಲಿದ್ದಲ ಹೊಗೇಲೇ ನನ್ನ ಮೂಗು ಪಿಂಚಣಿ ತಗೊಂಡಾಯ್ತು. ನೀವೇ ಬೆಳಿಗ್ಗೆ ಮೂರು ಸಲ ಮೂಸಿ ಕೊಟ್ರಲ್ಲ.”

ಅಲ್ಲಿಗೆ ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಮುಗಿದವು. ಹಿತ್ತಿಲ ಬಾಗಿಲಲ್ಲಿ ಗಾರ್ಡರ ಹೆಂಡತಿ ಬಂದು ನಿಂತಿದ್ದರು. ಆಚಾರ್ಯರು ತಲೆ ತಗ್ಗಿಸಿ, ಆದರೂ ಗಾರ್ಡರಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಮೂಸಿದ್ದು ಸುಳ್ಳು. ನನಗೆ ವಾಸನೆ ಹೋಗಿ ಹದಿನೈದು ದಿನ ಆಯ್ತು. ಒಳಗೆ ವಿಷ ಹಾಕಿದೀನೇನೋ ಅಂತ ಅನುಮಾನ,” ಎಂದರು. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ತೆರೆದೇ ಇರಲಿ ಎನ್ನಿಸಿತು.

ಗಾರ್ಡರ ಹೆಂಡತಿ ನಲವತ್ತು ವರ್ಷ ಆ ಪೈಪು ಕಂಡರೆ ಸೆರಗು ಮೂಗಿಗೆ ಹಿಡಿದವರು. ಆಕೆ ಗಂಡನ ಬಾಯಿಂದ ಪೈಪನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ತಂಬಾಕನ್ನು ನೆಲಕ್ಕೆ ಕೊಡವಿ, ಕಣ್ಣು ಮುಚ್ಚಿ ಮೂಸಿದರು. ಇನ್ನೊಮ್ಮೆ ಮೂಸಿದರು.

“ಹೊಸದಾಗಿ ಬಣ್ಣ ಬಳಿದ ಬಾಗಿಲು ಇದ್ದ ಹಾಗಿದೆ,” ಎಂದರು. ಆಮೇಲೆ ಗಂಡನ ಕಡೆ ತಿರುಗಿ, “ನನ್ನ ಮಾತು ಕೇಳದಿದ್ರೂ ಆಚಾರ್ರ ಕಾಲಿಗಾದ್ರೂ ನಮಸ್ಕಾರ ಹಾಕಿ. ಎಷ್ಟು ಓಡಿ ಬಂದಿದಾರೆ ನೋಡಿ,” ಎಂದರು.

ಗಾರ್ಡರು ನಗಲಿಲ್ಲ, ಬೈಯಲೂ ಇಲ್ಲ. ಮೀಸೆಯನ್ನು ಒಮ್ಮೆ ಮುಟ್ಟಿಕೊಂಡು, ಸರಿಯಾದ ಮೇಲೆ ತಂದುಕೊಡಿ ಎಂದಷ್ಟೇ ಹೇಳಿದರು. ಇಷ್ಟಾದ ಮೇಲೂ ಪೈಪನ್ನು ತಮ್ಮ ಕೈಗೇ ಒಪ್ಪಿಸುತ್ತಾರೆಂದು ಆಚಾರ್ಯರು ನೆನೆಸಿರಲಿಲ್ಲ. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟರು.

ತೆರೆದ ಅಂಗಡಿಯಲ್ಲಿ ಅಕ್ಕ ಕಾವಲು ಕುಳಿತಿದ್ದರು. ನಡೆದುದನ್ನೆಲ್ಲ ತಮ್ಮ ಹೇಳಿದರು. ಆಕೆ ಎರಡು ಸೀಸೆಗಳ ಬಿರಡೆ ತೆಗೆದು ಮೂಸಿ, ಬಲಗಡೆಯದನ್ನು ದೂರ ತಳ್ಳಿ, “ಹಾಲು ಸೀದ ದಿನವೇ ನನಗೆ ಗೊತ್ತಾಯ್ತು ಕಣೋ. ನೀನಾಗಿ ಹೇಳ್ತೀಯ ಅಂತ ಕಾಯ್ತಾ ಇದ್ದೆ. ಸೀಸೆ ಅದಲುಬದಲು ಮಾಡಿದ್ದು ನಾನೇ ಇರ್ಬೇಕು,” ಎಂದರು. ಚೀಟಿಗಳನ್ನು ಬರೆದು ಅಂಟಿಸಿದವರು ಆಚಾರ್ಯರು. ಥಿನ್ನರ್ ಎಂಬುದನ್ನು ಎರಡು ಸಲ ಬರೆದರು.

ಗಾರ್ಡರ ಪೈಪಿಗೆ ಹೊಸ ಹತ್ತಿ, ಹೊಸ ಸ್ಪಿರಿಟ್ ನಾಲ್ಕು ಸಲ ಬಿತ್ತು. ಪ್ರತಿ ಬೆಳಿಗ್ಗೆ ಆಚಾರ್ಯರು ಮೊದಲು ತಾವು ಮೂಸುವರು, ಏನಾದರೂ ಬಂದೀತೆಂದು ಕಾಯುವರು, ಆಮೇಲೆ ಪೈಪನ್ನು ಅಕ್ಕನಿಗೆ ಕೊಡುವರು. ಮುಂಗಟ್ಟೆಯ ಮೇಲೆ ಇಬ್ಬರು ಗಿರಾಕಿಗಳೂ ಗಡಿಯಾರದವನೂ ನೋಡುತ್ತಿದ್ದ ಒಂದು ಬೆಳಿಗ್ಗೆ ಆಕೆ ತಣ್ಣಗೆ ಒಮ್ಮೆ, ಬೆಚ್ಚಗೆ ಒಮ್ಮೆ ಮೂಸಿ, ಒಳಗೆ ಊದಿ ಮತ್ತೆ ಮೂಸಿ, ಮುಖ ಸಿಂಡರಿಸಿದರು.

“ಇನ್ನೊಂದು ದಿನ ಇರ್ಲಿ,” ಎಂದರು.

ಆಚಾರ್ಯರು ಪೈಪನ್ನು ಹಿಂದಕ್ಕೆ ತೆಗೆದುಕೊಂಡು, ಹತ್ತಿ ಹುಡುಕಿದರು.