ಕಂಡಕ್ಟರ್ ಮನೆಯ ಶಹನಾಯಿ

ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರಾಗಿದ್ದ ನನ್ನ ಗೆಳೆಯ, ಮನೆಯಲ್ಲಿ ಗ್ರಾಮಫೋನ್ ರೆಕಾರ್ಡಿನ ಮೇಲೆ ಮುಳ್ಳು ಇಳಿಸುವಾಗಲೂ "ರೈಟ್!" ಎನ್ನುತ್ತಿದ್ದ. ಊರೆಲ್ಲ ಕ್ಯಾಸೆಟ್ಟಿನ ಹಿಂದೆ ಬಿದ್ದಿದ್ದ ಕಾಲ ಅದು. ಇವನು ಮಾತ್ರ ಜನ ಅಟ್ಟಕ್ಕೆ ಎಸೆದಿದ್ದ ರೆಕಾರ್ಡುಗಳನ್ನು ಹುಡುಕಿ ತಂದು, ಪಂಚೆಯ ಚುಂಗಿನಿಂದ ಒರೆಸಿ, ನನ್ನನ್ನು ಎರಡು ದೊಡ್ಡ ಸ್ಪೀಕರುಗಳ ನಡುವೆ ಚಾಪೆಯ ಮೇಲೆ ಕೂರಿಸುತ್ತಿದ್ದ. ಸಂಗೀತದ ಒಳ್ಳೆಯ ಜಾಗ ಹತ್ತಿರವಾದಂತೆ ಅವನ ತೋರುಬೆರಳು ಮೇಲೇಳುತ್ತಿತ್ತು.

"ಬತ್ತದೆ ಕಣ್ಲಾ, ಈಗ ಬತ್ತದೆ!"

ಒಂದು ಭಾನುವಾರ ಶಹನಾಯಿ ಏರುತ್ತಿತ್ತು, ಬೆರಳೂ ಎದ್ದಿತ್ತು, ಕರೆಂಟು ಹೋಯಿತು. ನಾನು ಎದ್ದು ನಿಂತೆ.

"ಕೂತ್ಕಳ್ಲಾ!" ಎಂದವನೇ ಎತ್ತಿದ ಬೆರಳನ್ನು ರೆಕಾರ್ಡಿನ ಅಂಚಿಗಿಟ್ಟು ಮೆಲ್ಲಗೆ ತಿರುಗಿಸತೊಡಗಿದ. ಇಬ್ಬರೂ ಬಗ್ಗಿ ಕಿವಿಗೊಟ್ಟೆವು. ತಲೆಗೆ ತಲೆ ತಾಗಿತು. ಮುಳ್ಳಿನ ತುದಿಯಲ್ಲೇ ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ಶಹನಾಯಿ ಹಾಡುತ್ತಿತ್ತು!

"ಬಂತು ಕಣ್ಲಾ, ಬಂತು!" ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಕರೆಂಟು ಬಂದು ಎರಡೂ ಸ್ಪೀಕರುಗಳು ಗುಡುಗಿದವು. ಅವನು ಚಂಗನೆ ಹಾರಿ ಸ್ವಿಚ್ಚು ಆರಿಸಿ, ಓಡುವ ಬಸ್ಸನ್ನು ನಿಲ್ಲಿಸುವ ದನಿಯಲ್ಲಿ ಕರೆಂಟಿಗೇ ಕೂಗಿದ: "ಓಲ್ಡಾನ್! ಓಲ್ಡಾನ್!"

ಮತ್ತೆ ಬಗ್ಗಿ, ಬೆರಳನ್ನು ರೆಕಾರ್ಡಿನ ಅಂಚಿಗಿಟ್ಟು, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದ: "ರೈಟ್."